ಕರ್ಪೂರ ಆರಿಸಿದ ಪೂಜಾರಿ

೧೯೪೨ರಲ್ಲಿ ನಾನು ಲಿಂಗಸುಗೂರಿನ ಮುನ್ಸಿಫ್ ಅದಾಲತ್ತಿನಲ್ಲಿ ವಕೀಲನಾಗಿದ್ದೆ. ನಿಜಾಮರ ಆಳ್ವಿಕೆ, ಅದಾಲತ್ತಿನ ಭಾಷೆ ಉರ್ದು. ಮಸ್ಕಿ, ಪಾಮನಕಲ್ಲೂರು ಕಡೆಯಿಂದ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಕನ್ನಡದಲ್ಲಿ ಅಳುತ್ತಿದ್ದರು. ನಾವು ವಕೀಲರು ಆ ಅಳುವನ್ನು ಉರ್ದುವಿಗೆ ತಿರುಗಿಸಿ ಮುನ್ಸಿಫ್ ಸಾಹೇಬರ ಮೇಜಿನ ಮೇಲೆ ಇಡುತ್ತಿದ್ದೆವು. ಅಷ್ಟು ಹೊತ್ತಿಗೆ ಅಳು ಒಣಗಿ ಬರೀ ಹೊಲದ ಚಕ್ಬಂದಿ, ನಾಲ್ಕು ದಿಕ್ಕಿನ ಗಡಿ, ಉಳಿದಿರುತ್ತಿತ್ತು. ಬಹಳ ವರ್ಷ ಕರಿ ಕೋಟು ಹಾಕಿದ ನನಗೆ ಹೆಚ್ಚಿನ ಮೊಕದ್ದಮೆಗಳು ಈಗ ನೆನಪಿಲ್ಲ. ಆದರೆ ನಾಗಮ್ಮನ ಹೊಲದ ಮೊಕದ್ದಮೆ ಮರೆಯಬೇಕೆಂದರೂ ಮರೆಯಲಾಗಿಲ್ಲ.

ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಸಿಂಧನೂರು ಕಡೆಯ ಒಂದು ಹಳ್ಳಿಯ ಪೂಜಾರಿಯ ಮಗ. ಗುಡಿಯೇ ನಮ್ಮ ಅಂಗಳ. ಬೇಸಿಗೆಯಲ್ಲಿ ತಣ್ಣಗಿರುತ್ತದೆಂದು ಗರ್ಭಗುಡಿಯ ಹೊಸ್ತಿಲಿಗೆ ತಲೆ ಕೊಟ್ಟು ಮಲಗಿದವನು. ನಮ್ಮಪ್ಪ ಬಾಯಲ್ಲಿ ಮಂತ್ರ ಹೇಳುತ್ತಲೇ ಕೈಸನ್ನೆಯಲ್ಲಿ ಅವ್ವನಿಗೆ ಬೇಳೆ ಉಕ್ಕುತ್ತಿದೆ ಎಂದು ತೋರಿಸುತ್ತಿದ್ದ. ಮಂತ್ರವೂ ತಪ್ಪುತ್ತಿರಲಿಲ್ಲ, ಬೇಳೆಯೂ ಚೆಲ್ಲುತ್ತಿರಲಿಲ್ಲ. ಹೊರಗಿನಿಂದ ಬಂದವರು ಕಣ್ಣೀರು ಹಾಕಿಕೊಂಡು ಅಡ್ಡ ಬೀಳುವಾಗ, ಇವರಿಗೆ ಇಲ್ಲಿ ಏನು ಕಾಣುತ್ತದಪ್ಪಾ ಎಂದು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ, ಜಗಳವೂ ಇರಲಿಲ್ಲ. ಮನೆಯ ಬೀಸುಕಲ್ಲಿನ ಮೇಲೆ ಯಾರಿಗೆ ಭಕ್ತಿ ಹುಟ್ಟುತ್ತದೆ? ಹಾಗಿತ್ತು ನನ್ನ ಸ್ಥಿತಿ.

ನಾಗಮ್ಮ ಮಸ್ಕಿಗೆ ಹತ್ತಿರದ ಒಂದು ಹಳ್ಳಿಯವಳು. ಊರಿನ ಹೆಸರು ಬೇಡ. ಹಟ್ಟಿಯಲ್ಲಿ ಬಹಳ ಕಾಲ ನಿಂತುಹೋಗಿದ್ದ ಚಿನ್ನದ ಗಣಿಯನ್ನು ಮತ್ತೆ ತೆರೆಯುವ ಕೆಲಸ ಶುರುವಾದಾಗ ಅವಳ ಗಂಡ ಅಲ್ಲಿಗೆ ಕೂಲಿಗೆ ಹೋದ. ಇದ್ದದ್ದು ನಾಲ್ಕು ಎಕರೆ ಎರೆ ಹೊಲ. ಹೋಗುವ ಮುಂಚೆ ಊರಿನ ಈರಭದ್ರ ದೇವರ ಗುಡಿಗೆ ಹೋಗಿ, ತಾನು ಬರುವ ತನಕ ಹೊಲ ನೋಡಿಕೊಳ್ಳಿ ಎಂದು ಪೂಜಾರಿ ವಿರುಪಯ್ಯನವರಿಗೆ ಬಾಯಿಮಾತಿನಲ್ಲಿ ವಹಿಸಿದ. ಅವನಿಗೆ ಅಣ್ಣತಮ್ಮಂದಿರಿರಲಿಲ್ಲ. ಪೂಜಾರಿಗಿಂತ ನಂಬಿಕಸ್ತರು ಊರಲ್ಲಿ ಇನ್ಯಾರು? ಹೀಗೆಂದು ಗಂಡ ತನಗೆ ಹೇಳಿ ಹೋದನೆಂದು ನಾಗಮ್ಮನ ಮಾತು. ಮರುವರ್ಷ ಅವನು ವಿಷಮಜ್ವರದಲ್ಲಿ ತೀರಿಕೊಂಡ. ನಾಗಮ್ಮ ಹೊಲ ಕೇಳಲು ಹೋದಾಗ ವಿರುಪಯ್ಯನವರು, "ನಿನ್ನ ಗಂಡ ಅದನ್ನ ದೇವರಿಗೆ ಕೊಟ್ಟು ಹೋಗ್ಯಾನವ್ವ. ದೇವರ ಹೊಲ ಕೇಳಾಕ ಬಂದೀಯೇನು?" ಎಂದರು.

ಕೊಟ್ಟಾಗ ಇದ್ದವರು ಯಾರು? ವಿರುಪಯ್ಯ, ಸತ್ತುಹೋದ ಗಂಡ, ಒಳಗೆ ಕೂತಿದ್ದ ಈರಭದ್ರ. ಮೂವರಲ್ಲಿ ಒಬ್ಬನನ್ನು ಕರೆಸಲು ಸಾಧ್ಯವಿಲ್ಲ, ಇನ್ನೊಬ್ಬನಿಗೆ ಸಮನ್ಸ್ ಜಾರಿ ಮಾಡಲು ಬರುವುದಿಲ್ಲ. ಕಾಗದ ಪತ್ರ ಏನೂ ಇಲ್ಲ. ನಾಗಮ್ಮನಿಗೆ ಮದುವೆಯ ವಯಸ್ಸಿಗೆ ಬಂದ ಒಬ್ಬ ಮಗಳಿದ್ದಳು. ಆ ಹೊಲ ಹೋದರೆ ಇಬ್ಬರೂ ಕಂಡವರ ಹೊಲದಲ್ಲಿ ಕಳೆ ತೆಗೆದೇ ಸಾಯಬೇಕು. ನಾನು ದಾವಾ ಹಾಕಿದೆ, ಆದರೆ ಗೆಲ್ಲುವ ಧೈರ್ಯ ನನಗಿರಲಿಲ್ಲ.

ಒಂದು ದಿನ ನಾಗಮ್ಮ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತಾನೇ ಒಂದು ದಾರಿ ಹೇಳಿದಳು.

"ಅವರು ಈರಭದ್ರನ ಮುಂದ ಕರ್ಪೂರ ಆರಿಸಿ ಹೇಳ್ಲಿ ರೀ. ನನ್ನ ಗಂಡ ದೇವರಿಗೇ ಕೊಟ್ಟಾನ ಅಂತ ಹೇಳಿದ್ರ ನನಗ ಹೊಲ ಬ್ಯಾಡ."

ಇದು ಹೆಣ್ಣುಮಗಳ ಹುಚ್ಚು ಮಾತಲ್ಲ, ಕಾನೂನಿನಲ್ಲಿ ಇದಕ್ಕೆ ಜಾಗವಿತ್ತು. ಒಬ್ಬ ಕಕ್ಷಿದಾರ, "ಎದುರಾಳಿ ಇಂಥ ದೇವರ ಮುಂದೆ ಇಂಥ ರೀತಿ ಪ್ರಮಾಣ ಮಾಡಿ ಹೇಳಿದರೆ ನಾನು ಅದಕ್ಕೆ ಬದ್ಧ" ಎಂದು ಅದಾಲತ್ತಿಗೆ ಬರೆದುಕೊಡಬಹುದು. ಎದುರಾಳಿ ಒಪ್ಪಿ ಪ್ರಮಾಣ ಮಾಡಿದರೆ ಅಲ್ಲಿಗೆ ಮೊಕದ್ದಮೆ ಮುಗಿಯಿತು. ಬೇರೆ ಸಾಕ್ಷಿ ಬೇಕಿಲ್ಲ, ಮರುವಿಚಾರಣೆ ಇಲ್ಲ. ಇದಕ್ಕೆ ಹಲಫ್ ಎನ್ನುತ್ತಿದ್ದರು. ನಮ್ಮ ಕಡೆ ಎಷ್ಟೋ ಗಟ್ಟಿ ಆಸಾಮಿಗಳು ಅದಾಲತ್ತಿನಲ್ಲಿ ಹಸಿ ಸುಳ್ಳು ಹೇಳಿ, ಗುಡಿಯ ಮೆಟ್ಟಿಲ ಹತ್ತಿರ ಬಂದಾಗ ಹಿಂದೆ ಸರಿದು ರಾಜಿಗೆ ಬಂದದ್ದನ್ನು ನಾನೇ ನೋಡಿದ್ದೆ. ಆದರೂ ನಾನು ನಾಗಮ್ಮನಿಗೆ ಬೇಡ ಎಂದೆ.

"ಯವ್ವಾ, ಬ್ಯಾರೆ ಯಾರರ ಆಗಿದ್ರ ಹೂಂ ಅಂತಿದ್ದೆ. ಅವ ಪೂಜಾರಿ. ನಾ ಪೂಜಾರಿ ಮಗ ಅದೀನಿ, ನನ್ನ ಮಾತು ಕೇಳು. ದಿನಾ ಮೈ ತೊಳಿಯೋ ದೇವರಿಗೆ ಯಾರೂ ಅಂಜಂಗಿಲ್ಲ."

ನಾಗಮ್ಮ ನನ್ನನ್ನು ಕನಿಕರದಿಂದ ನೋಡಿದಳು. ಅಷ್ಟು ಓದಿಯೂ ಇವನಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂಬ ಹಾಗೆ.

"ನಾವು ಹೊಸ್ತಿಲದಾಗಿಂದ ನೋಡಿದ್ರನಽ ಮೈ ಝುಂ ಅಂತೈತ್ರಿ. ನಲವತ್ತು ವರ್ಷ ಆತು, ಅವರು ಆ ದೇವರನ್ನ ಮುಟ್ಟಾಕತ್ತು. ಮುಟ್ಟಿ ಸುಳ್ಳು ಹೇಳ್ತಾರೇನ್ರಿ? ಬಾಯಾರ ಬರತೈತೇನು?"

ನಾನು ಸೋತೆ. ಅರ್ಜಿ ಬರೆದು ಹಾಕಿದೆ. ವಿರುಪಯ್ಯನವರು ಆಗಲಿ ಎಂದರು. ಪ್ರಮಾಣ ಮಾಡಿಸಿ ವರದಿ ತರಲು ಮುನ್ಸಿಫ್ ಸಾಹೇಬರು ಅದಾಲತ್ತಿನ ನಾಜರರನ್ನು ನೇಮಿಸಿದರು. ನಾಜರ್ ಎಂದರೆ ಜಪ್ತಿ, ಸಮನ್ಸ್ ಮೊದಲಾದ ಹೊರಗಿನ ಕೆಲಸ ನೋಡುವ ಅಧಿಕಾರಿ. ನಮ್ಮ ನಾಜರ್ ಸಾಹೇಬರು ವಯಸ್ಸಾದ ಮುಸಲ್ಮಾನರು, ಐದು ಹೊತ್ತೂ ನಮಾಜು ಬಿಡದವರು.

ಒಂದು ಸೋಮವಾರ ಬೆಳಿಗ್ಗೆ ಎರಡು ಗಾಡಿಗಳಲ್ಲಿ ಹೋದೆವು. ಗುಡಿಯ ಮುಂದೆ ಊರೇ ನೆರೆದಿತ್ತು. ನಾಜರ್ ಸಾಹೇಬರು ಹೊರಗೇ ಪಾದರಕ್ಷೆ ಬಿಟ್ಟು, ಒಳಗಿನ ಮಾತು ಕೇಳುವಷ್ಟು ಹತ್ತಿರ, ಹೊಸ್ತಿಲ ಈಚೆ ನಿಂತರು. ನಾನು ಅವರ ಪಕ್ಕ. ನಾಗಮ್ಮ ಕಂಬದ ಹತ್ತಿರ ಸೆರಗು ಹೊದ್ದು ನಿಂತಿದ್ದಳು. ವಿರುಪಯ್ಯನವರು ಬಾವಿಯಲ್ಲಿ ಮುಳುಗೆದ್ದು ಒದ್ದೆ ಧೋತರದಲ್ಲೇ ಬಂದರು. ಸುಮಾರು ಅರವತ್ತು ವರ್ಷದ ಮನುಷ್ಯ, ಎತ್ತರದ ಆಳು, ಹಣೆ ತುಂಬ ವಿಭೂತಿ. ನಮ್ಮ ಕಡೆಯ ಪದ್ಧತಿ ಹೀಗೆ: ಎಡಗೈ ದೇವರ ಪಾದದ ಮೇಲೆ ಇಡಬೇಕು, ಹೇಳಬೇಕಾದದ್ದನ್ನು ಹೇಳಬೇಕು, ಉರಿಯುವ ಕರ್ಪೂರವನ್ನು ಬಲ ಅಂಗೈಯಿಂದ ಒತ್ತಿ ಆರಿಸಬೇಕು. ಹೇಳಿದ್ದು ಸುಳ್ಳಾದರೆ ಮನೆಯ ದೀಪವೂ ಹೀಗೇ ಆರಲಿ ಎಂಬುದು ಅದರ ಅರ್ಥ. ಕರ್ಪೂರ ಹಚ್ಚುತ್ತಲೇ ಜನ ಒಂದು ಹೆಜ್ಜೆ ಮುಂದೆ ಸರಿದರು.

ವಿರುಪಯ್ಯನವರು ತಡವರಿಸಲಿಲ್ಲ. ದಿನಾ ಪೂಜೆಯಲ್ಲಿ ಸಂಕಲ್ಪ ಹೇಳುವ ಅದೇ ರಾಗದಲ್ಲಿ, "ಈ ನಾಗಮ್ಮನ ಗಂಡ ತನ್ನ ಹೊಲಾನ ಈ ಈರಭದ್ರ ದೇವರಿಗೆ ಕೊಟ್ಟಾನ. ಇದು ಖರೇ" ಎಂದು ಹೇಳಿ ಅಂಗೈ ಒತ್ತಿದರು. ಕರ್ಪೂರ ಆರಿತು. ಒತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಆಮೇಲೆ, ದೇವರ ಕೊರಳಲ್ಲಿ ಸ್ವಲ್ಪ ಓರೆಯಾಗಿದ್ದ ಹೂವಿನ ಸರವನ್ನು, ಬಂದ ಕೆಲಸ ಹೇಗೂ ಮುಗಿಯಿತಲ್ಲ ಎಂಬಂತೆ, ಸರಿಮಾಡಿದರು.

ಇದೇ ಆಗುತ್ತದೆ ಎಂದು ಮೊದಲೇ ಹೇಳಿದವನು ನಾನು, ನನಗೇಕೆ ಆಘಾತ? ಆದರೆ ಆಯಿತು. ಸುಳ್ಳು ಹೇಳುವವರನ್ನು ದಿನಬೆಳಗಾದರೆ ನೋಡುತ್ತಿದ್ದೆ. ಅವರ ಕಣ್ಣು ಅಲ್ಲಿ ಇಲ್ಲಿ ಓಡುತ್ತದೆ, ಗಂಟಲು ಒಣಗುತ್ತದೆ, ಕಡೆಗೆ ಬೆವರಾದರೂ ಬರುತ್ತದೆ. ಇಲ್ಲಿ ಏನೂ ಇರಲಿಲ್ಲ. ಆ ಹೂವಿನ ಸರ ಸರಿಮಾಡಿದ್ದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಪಕ್ಕದಲ್ಲಿ ನಾಜರ್ ಸಾಹೇಬರು ಎರಡೂ ಕೆನ್ನೆ ಮುಟ್ಟಿಕೊಂಡು "ತೋಬಾ, ತೋಬಾ" ಎಂದರು. ಇದು ಸುಳ್ಳೆಂದು ಅವರಿಗೂ ತಿಳಿದಿತ್ತು.

ಇನ್ನೂ ದೊಡ್ಡ ಆಶ್ಚರ್ಯ ಮುಂದಿತ್ತು. ವಿರುಪಯ್ಯನವರು ರೂಢಿಯಂತೆ ವಿಭೂತಿ ತಟ್ಟೆ ಹಿಡಿದು ಹೊರಗೆ ಬಂದರು. ನಾಗಮ್ಮ ಮುಂದೆ ಬಂದಳು. ನಾನು, ಈಗ ತಟ್ಟೆ ಎತ್ತಿ ಒಗೆಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡೆ. ಅವಳು ತಲೆ ಬಾಗಿಸಿ ಹಣೆ ಒಡ್ಡಿದಳು. ಅವರು ಅದೇ ಕೈಯಿಂದ ವಿಭೂತಿ ಹಚ್ಚಿದರು. ಅವಳು ಕಣ್ಣು ಮುಚ್ಚಿ, ಗಲ್ಲ ಗಲ್ಲ ಬಡಿದುಕೊಂಡು, ಅಡ್ಡ ಬಿದ್ದು ಎದ್ದಳು. ಬಾಯಲ್ಲಿ ಒಂದು ಶಾಪದ ಮಾತಿಲ್ಲ. ಗಾಡಿಯ ಹತ್ತಿರ ಬಂದ ಮೇಲೆ, "ಮುಗೀತಲ್ರಿ ವಕೀಲಸಾಬ್ರ, ಬಿಡ್ರಿ" ಎಂದಳು, ಅಷ್ಟೇ.

ವರದಿ ಹೋಯಿತು, ದಾವಾ ವಜಾ ಆಯಿತು. ಹೊಲ ಈರಭದ್ರ ದೇವರದು ಎಂದು ತೀರ್ಪಾಯಿತು. ನಾಗಮ್ಮ ಮಗಳ ಜೊತೆ ಕೂಲಿಗೆ ಹೋಗತೊಡಗಿದಳು. ಅವಳು ಆ ಕೈಯಿಂದ ವಿಭೂತಿ ಹಚ್ಚಿಸಿಕೊಂಡದ್ದನ್ನು ನಾನು ಬಹಳ ಜನಕ್ಕೆ ಹೇಳಿದೆ. ವಕೀಲರ ಕೋಣೆಯಲ್ಲಿ ಚಹಾ ಕುಡಿಯುತ್ತ, "ಭಕ್ತಿ ಅಂದ್ರ ಅದು ನೋಡ್ರಿ, ಹೊಲ ತಿಂದವನ ಕೈಯಾಗೂ ದೇವರನ್ನ ಕಂಡ್ಳು" ಎಂದು ಭಾಷಣ ಬಿಗಿದೆ. ಕೇಳಿದವರೆಲ್ಲ ತಲೆದೂಗಿದರು. ಅಷ್ಟು ದೊಡ್ಡ ಕ್ಷಮೆಯನ್ನು ಕಣ್ಣಾರೆ ಕಂಡೆನಲ್ಲ ಎಂದು ನನಗೂ ಒಂದು ಥರದ ಹೆಮ್ಮೆ.

ಎರಡು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ನಾನು ಊಟಕ್ಕೆ ಏಳುವ ಹೊತ್ತಿಗೆ ವಿರುಪಯ್ಯನವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಬಿಸಿಲಲ್ಲಿ ನಡೆದು ಬಂದಿದ್ದರು. ಮುಖ ಇಳಿದು ಅರ್ಧವಾಗಿತ್ತು. ಗೆದ್ದವನು ಸೋತವರ ವಕೀಲನ ಮನೆಗೆ ಬರುವುದು ನಮ್ಮ ಕಸುಬಿನಲ್ಲಿ ಇಲ್ಲದ ಮಾತು. ಒಳಗೆ ಕರೆದು ನೀರು ಕೊಟ್ಟೆ. ನೀರು ಕುಡಿಯದೆ, ತಂಬಿಗೆ ಹಿಡಿದುಕೊಂಡೇ ಮಾತಾಡಿದರು.

"ನೀವೂ ಪೂಜಾರಿ ಮನಿಯವರು ಅಂತ ಕೇಳೀನಿ. ಬ್ಯಾರೆ ಯಾರಿಗೂ ಇದು ತಿಳಿಯಂಗಿಲ್ಲ, ಅದಕ್ಕಽ ಬಂದೀನಿ. ಆವತ್ತು ನಾ ಹೇಳಿದ್ದು ಸುಳ್ಳು."

"ಅದು ನನಗ ಗೊತ್ತೈತಿ" ಎಂದೆ. ಸಿಟ್ಟಿನಿಂದಲೇ ಅಂದೆ.

"ಸುಳ್ಳು ಹೇಳ್ಬೇಕಂತನಽ ಒಳಗ ಹೋದೆ. ಆದ್ರ ಅವನ ಪಾದ ಮುಟ್ಟಿದ ಕೂಡ್ಲೆ ನಾಲಿಗಿ ನಿಂದರತೈತಿ, ಆಗ ಎಲ್ಲಾರ ಮುಂದ ಖರೇ ಹೇಳಿಬಿಡ್ತೀನಿ ಅಂತ ಮನಸಿನಾಗ ಇತ್ತು. ಅವ ತಡೀತಾನ ಅಂತ ಭಾಳ ನಂಬಿಕಿ ಇತ್ತು. ನಾಲಿಗಿ ನಿಂದರಲಿಲ್ಲ. ಎದಿ ಸೈತ ಹೊಡ್ಕೊಳ್ಳಲಿಲ್ಲ. ದಿನಾ ಎತ್ತನ್ನ ಮೇವಿನ ಗ್ವಾದಲಿಗೆ ಕಟ್ಟಿ ಬಂದಂಗ ಆತು. ಆವತ್ತಿನಿಂದ ದಿನಾ ಪೂಜಾ ಮಾಡಾಕತ್ತೀನಿ, ದಿನಾ ಕಾಯಾಕತ್ತೀನಿ. ಒಂದು ಕೆಟ್ಟ ಕನಸಾದ್ರೂ ಬೀಳ್ಲಿ ಅಂತೀನಿ. ಏನೂ ಇಲ್ಲ. ಅವ ನನ್ನ ಬಿಟ್ಟು ಯಾವಾಗ ಹೋದ್ನೋ ಗೊತ್ತಽ ಆಗಿಲ್ಲ ನನಗ."

ನನ್ನ ಮುಖ ನೋಡಿ ಕೇಳಿದರು, "ನಿಮ್ಮನ್ನ ಬಿಟ್ಟು ಯಾವಾಗ ಹೋದ?"

ಅದಾಲತ್ತಿನಲ್ಲಿ ನನ್ನನ್ನು ಯಾರೂ ಹೀಗೆ ಕಟ್ಟಿಹಾಕಿರಲಿಲ್ಲ. ಹೋದನೇ ಎಂದು ಕೇಳಲಿಲ್ಲ ಅವರು, ಯಾವಾಗ ಎಂದು ಕೇಳಿದರು. ಮೊದಲೇ ತಮ್ಮವನೆಂದು ಗುರುತು ಹಿಡಿದಿದ್ದರು. ಇಷ್ಟು ದಿನ ನಾನು ದೇವರಿಗೆ ಅಂಜದ ಈ ಸ್ಥಿತಿಯನ್ನು ವಿದ್ಯೆಯ ಫಲವೆಂದೂ ತಿಳಿದವರ ಲಕ್ಷಣವೆಂದೂ ಕರೆದುಕೊಂಡು ಮೀಸೆ ತಿರುವಿದ್ದೆ. ಈ ಮನುಷ್ಯ ಆ ಹೋದ ದೇವರನ್ನೇ, ಕಳೆದುಹೋದ ಮಗನನ್ನು ಹುಡುಕುವವನ ಹಾಗೆ ಊರಿಂದೂರಿಗೆ ಕೇಳಿಕೊಂಡು ಬಂದಿದ್ದ. ವಕೀಲನಿಗೆ ತೋಚುವುದು ವಕೀಲಿ ಮಾತೇ ತಾನೆ?

"ಹೊಲ ವಾಪಸ್ ಕೊಡ್ರಿ" ಎಂದೆ.

"ಕೊಡಾಕಽ ಬಂದೀನಿ."

ಆದರೆ ಕೊಡುವುದು ಹೇಗೆ? ತೀರ್ಪಿನ ಪ್ರಕಾರ ಹೊಲ ಈಗ ದೇವರದಾಗಿತ್ತು. ಅವರ ಸುಳ್ಳು ಕಾನೂನಿನಲ್ಲಿ ಸತ್ಯವಾಗಿ ಕೂತುಬಿಟ್ಟಿತ್ತು. ದೇವರ ಆಸ್ತಿಯನ್ನು ಪೂಜಾರಿ ಮಾರುವಂತಿಲ್ಲ, ದಾನ ಮಾಡುವಂತಿಲ್ಲ. ಇದನ್ನು ವಿವರಿಸಿದಾಗ ಅವರು ಕೂತಲ್ಲೇ ತಲೆ ಹಿಡಿದುಕೊಂಡರು. ಕಡೆಗೆ ನಾನು ಒಂದು ಸಂದು ಹುಡುಕಿದೆ. ದೇವರ ಹೊಲವನ್ನು ಸಾಗುವಳಿಗೆ ಕೊಡಬಹುದು. ಗುಡಿಯ ದೀಪಕ್ಕೆ ವರ್ಷಕ್ಕಿಷ್ಟು ಎಣ್ಣೆ ಕೊಟ್ಟು ನಾಗಮ್ಮ ತನ್ನ ಜೀವಮಾನವಿಡೀ ಉಳಬಹುದು, ಅವಳ ನಂತರ ಮಗಳು. ಇಂಥ ಕರಾರಿಗೆ ಕೌಲು ಎನ್ನುತ್ತಾರೆ. ಹೆಸರು ದೇವರದು, ಬೆಳೆ ಅವಳದು. ವಿರುಪಯ್ಯನವರು ಒಪ್ಪಿದರು, ಆದರೆ ನಾಗಮ್ಮನ ಮುಂದೆ ಎಲ್ಲಾ ಹೇಳಿಯೇ ಕೊಡುತ್ತೇನೆ ಎಂದು ಹಟ ಹಿಡಿದರು. "ಹೇಳದಽ ಕೊಟ್ರ ಧರ್ಮ ಮಾಡಿದಂಗ ಆಕ್ಕೈತಿ. ಅದೂ ಒಂದು ಸುಳ್ಳಽ" ಎಂದರು. ನನಗೆ ಆ ಮಾತು ಬಹಳ ಹಿಡಿಸಿತು. ಈ ಮನುಷ್ಯನಲ್ಲಿ ಇನ್ನೂ ಏನೋ ಉಳಿದಿದೆ ಎಂದುಕೊಂಡೆ.

ಮುಂದಿನ ಸಂತೆಯ ದಿನ ನಾಗಮ್ಮನನ್ನು ನಮ್ಮ ಮನೆಗೆ ಕರೆಸಿದೆ. ಪೂಜಾರಿಯನ್ನು ಕಂಡ ಕೂಡಲೇ ಅವಳು ಬಗ್ಗಿ ಕಾಲು ಮುಟ್ಟಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, ನಿಂತೇ ಹೇಳಿದರು.

"ನಾಗಮ್ಮಾ, ನಿನ್ನ ಗಂಡ ಹೊಲ ದೇವರಿಗೆ ಕೊಟ್ಟಿದ್ದಿಲ್ಲ. ಬರೂ ತನಕ ನೋಡ್ಕೊಳ್ರಿ ಅಂದಿದ್ದ, ಅಷ್ಟಽ. ನಾ ಸುಳ್ಳು ಹೇಳೀನಿ. ಹೊಲ ನೀನಽ ಮಾಡ್ಕೊಂಡು ತಿನ್ನು. ಕೌಲು ಬರಿಸೀವಿ."

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಕಸುಬಿನಲ್ಲಿ ಇಂಥ ಗಳಿಗೆ ಬರುವುದು ಅಪರೂಪ. ಅವಳ ಕಣ್ಣಲ್ಲಿ ನೀರು ಬರುತ್ತದೆ, ನೋಡೋಣ ಎಂದು ಕಾದಿದ್ದೆ. ಅವಳು ಮಾತೇ ಅರ್ಥವಾಗದವಳ ಹಾಗೆ ನಿಂತಳು.

"ಸುಳ್ಳಾ?"

"ಹೌದವ್ವ."

"ಕರ್ಪೂರ ಆರಿಸಿದ್ರೆಲ್ರಿ?"

"ಆರಿಸಿದೆ."

ನಾಗಮ್ಮ ನೆಲಕ್ಕೆ ಕುಸಿದು ಕೂತಳು. ನನ್ನ ಕಡೆ ತಿರುಗಿದಳು. "ನಾ ಖರೇ ಅಂದ್ಕೊಂಡಿದ್ನೆಲ್ರಿ ವಕೀಲಸಾಬ್ರ! ಕರ್ಪೂರ ಆರಿಸಿದ್ರಲ್ಲ, ಇನ್ನ ಸುಳ್ಳು ಎಲ್ಲಿಂದ ಅಂತ. ನನ್ನ ಗಂಡಗ ಬೈದೀನ್ರಿ, ಸತ್ತವಗ. ನನಗೊಂದು ಮಾತು ಹೇಳ್ದಽ ಹೆಂಗ ಕೊಟ್ಟಿ, ಮಗಳ ಮಾರಿ ಯಾಕ ನೋಡ್ಲಿಲ್ಲ ಅಂತ. ಆಮ್ಯಾಲ, ಹೋಗ್ಲಿ ದೇವರಿಗೇ ಕೊಟ್ಟಾನಲ್ಲ ಅಂತ ಸಮಾಧಾನ ಮಾಡ್ಕೊಂಡೆ. ದೇವರ ಹೊಲ ಕೇಳಾಕ ಕೋರ್ಟಿಗೆ ಹೋಗಿದ್ನಲ್ಲಾ ಅಂತ ಆ ದೇವರಿಗೆ ತಪ್ಪಾತು ಅಂದೀನಿ."

ಆಗ ನನಗೆ ತಿಳಿಯಿತು. ಅವಳು ಯಾರನ್ನೂ ಕ್ಷಮಿಸಿರಲಿಲ್ಲ. ಕ್ಷಮಿಸಲು ಅವಳ ಲೆಕ್ಕದಲ್ಲಿ ಅಲ್ಲಿ ತಪ್ಪೇ ಆಗಿರಲಿಲ್ಲ. ನನಗೆ ಸುಳ್ಳೆಂದು ಕಂಡದ್ದು, ಹೊಸ್ತಿಲ ಈಚೆ ನಿಂತ ಪರಧರ್ಮದ ನಾಜರರಿಗೂ ಕಂಡದ್ದು, ಅವಳೊಬ್ಬಳಿಗೆ ಕಂಡಿರಲಿಲ್ಲ. ತನ್ನ ಹೊಲಕ್ಕಿಂತ, ತನ್ನ ಗಂಡನ ಮಾತಿಗಿಂತ ಆ ಕರ್ಪೂರವನ್ನು ಅವಳು ಹೆಚ್ಚು ನಂಬಿದ್ದಳು.

ಅವಳು ಮೆಲ್ಲಗೆ ವಿರುಪಯ್ಯನವರ ಕಡೆ ಮುಖ ಎತ್ತಿದಳು. ಸಿಟ್ಟಿರಲಿಲ್ಲ. ಗೊತ್ತಿದ್ದವರನ್ನು ತನಗೆ ಗೊತ್ತಿಲ್ಲದ ಸಂಗತಿ ಕೇಳುವ ದನಿ.

"ನೀವು ಸುಳ್ಳು ಹೇಳಾಕತ್ತಾಗ ಅವ ಅಲ್ಲೇ ಇದ್ನೆಲ್ರಿ? ಸುಮ್ಮಕ ಕುಂತಿದ್ನ್ಯಾ?"

ಇಬ್ಬರು ಪೂಜಾರಿ ಮನೆಯವರು ಅಲ್ಲಿದ್ದೆವು. ಹುಟ್ಟಿದಾಗಿನಿಂದ ದೇವರ ಜೊತೆ ಬಾಳಿದವರು. ನಾನು ಕೌಲಿನ ಕಾಗದವನ್ನು ಮುಂದಕ್ಕೆ ಸರಿಸಿದೆ. ವಿರುಪಯ್ಯನವರು ಗೋಡೆಗೆ ಕೈ ಕೊಟ್ಟು ನಿಂತುಕೊಂಡರು. ಎರಡು ತಿಂಗಳಿಂದ ಅವರು ಹೊತ್ತು ತಿರುಗಿದ್ದ ಸಂಕಟವನ್ನು ಇಳಿಸಲು ಬಂದಿದ್ದರು. ಇಳಿಸಿದರು. ಅದು ಹೋಗಿ ಕೂತದ್ದು ಅವಳ ಮೇಲೆ.

ನಾಗಮ್ಮ ಕೌಲಿಗೆ ಹೆಬ್ಬೆಟ್ಟು ಒತ್ತಿದಳು. ಒತ್ತದೆ ಏನು ಮಾಡುತ್ತಾಳೆ, ಮಗಳ ಮದುವೆ ಇತ್ತು. ಹೊಲ ಅವಳ ಕೈಗೆ ಬಂತು, ಮಗಳ ಮದುವೆಯೂ ಆಯಿತು. ವಿರುಪಯ್ಯನವರು ಸಾಯುವ ತನಕ ಪೂಜೆ ಬಿಡಲಿಲ್ಲ, ಆ ಹೊಲದ ಒಂದು ಕಾಳು ಮುಟ್ಟಲಿಲ್ಲ. ಲಿಂಗಸುಗೂರಿನಲ್ಲಿ ಜನ, ಸೋತ ಮೊಕದ್ದಮೆ ಗೆದ್ದುಕೊಟ್ಟ ವಕೀಲ ಎಂದು ನನ್ನನ್ನು ಹೊಗಳಿದರು. ಅದರಿಂದ ನನಗೆ ಕೆಲಸವೂ ಹೆಚ್ಚಾಯಿತು.

ಆಮೇಲೆ ನಾನು ವಕೀಲಿ ಬಿಡುವ ತನಕ ಯಾವ ಕಕ್ಷಿದಾರನಿಗೂ ಹಲಫ್ ಅರ್ಜಿ ಬರೆದುಕೊಡಲಿಲ್ಲ. ಎಷ್ಟೋ ಜನ ಸಿಟ್ಟಾಗಿ ಬೇರೆ ವಕೀಲರ ಕಡೆ ಹೋದರು. ದೇವರು ಇದ್ದಾನೋ ಇಲ್ಲವೋ ನಾನು ತೀರ್ಮಾನಿಸಿದವನಲ್ಲ. ನನ್ನ ಕಸುಬು ಕಲಿಸಿದ್ದು ಇಷ್ಟೇ: ಮನುಷ್ಯರ ಜಗಳಕ್ಕೆ ದೇವರನ್ನು ಸಾಕ್ಷಿಗೆ ಕರೆದರೆ ಅವನು ಬಾಯಿ ಬಿಡುವುದಿಲ್ಲ. ನನ್ನಂಥವನಿಗೆ, ವಿರುಪಯ್ಯನಂಥವನಿಗೆ ಅದರಿಂದ ನಷ್ಟವೇನೂ ಇಲ್ಲ, ನಾವು ಬಹಳ ಹಿಂದೆಯೇ ಕಳೆದುಕೊಂಡವರು. ಕಳೆದುಕೊಳ್ಳುವುದು, ಇನ್ನೂ ನಂಬಿಕೊಂಡು ನಿಂತವರು.

ಕೆಲವು ವರ್ಷಗಳ ನಂತರ ಮಸ್ಕಿಯ ಸಂತೆಯಲ್ಲಿ ನಾಗಮ್ಮ ಸಿಕ್ಕಿದ್ದಳು. ಜೋಳ ಚೆನ್ನಾಗಿ ಬಂದಿದೆ ಎಂದಳು. ದೀಪದ ಎಣ್ಣೆಯನ್ನು ವರ್ಷಾವರ್ಷ ತಪ್ಪದೆ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದಾಳೆಂದು ನನಗೆ ಬೇರೆಯವರಿಂದ ತಿಳಿದಿತ್ತು.

"ನೀನಽ ಗುಡಿಗೆ ಒಯ್ದು ಕೊಡಬಾರದೇನವ್ವ?" ಎಂದು ಕೇಳಿದೆ.

"ಅಲ್ಲಿ ನಂದೇನೈತ್ರಿ?" ಎಂದು ಹೇಳಿ ನಾಗಮ್ಮ ಬುಟ್ಟಿ ಎತ್ತಿಕೊಂಡಳು.